ಅಂತಿಯೋಕ್ಯದಲ್ಲಿ ಪುಸ್ತಕ ಸುಟ್ಟವರು
(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ರೋಮ್ ಸಾಮ್ರಾಜ್ಯದ ಇತಿಹಾಸವೆಂದರೆ ಯುದ್ಧಗಳ ಇಸವಿಗಳೆಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದವರು. ಇಂದು ಬೇರೊಂದು ಸಂಗತಿ ನೋಡೋಣ. 371-372ರ ಸುಮಾರಿಗೆ ಆ ಸಾಮ್ರಾಜ್ಯದ ಪೂರ್ವ ಸೀಮೆಯ ಜನರು ತಮ್ಮ ಪುಸ್ತಕಗಳನ್ನು ತಾವೇ ಸುಟ್ಟುಕೊಂಡರು. ಏಕೆ?

ಆಗ ಅಲ್ಲಿ ಆಳುತ್ತಿದ್ದವನು ವೇಲೆನ್ಸ್. ಪಟ್ಟಕ್ಕೆ ಬಂದ ಮರುವರ್ಷವೇ, 365ರಲ್ಲಿ, ಪ್ರೊಕೋಪಿಯಸ್ ಎಂಬವನು ರಾಜಧಾನಿ ಕಾನ್‌ಸ್ಟಾಂಟಿನೋಪಲನ್ನು ಹಿಡಿದು ತಾನೇ ಚಕ್ರವರ್ತಿಯೆಂದು ಸಾರಿದ್ದನು. ಆ ದಂಗೆ ಅಡಗಿತು; ವೇಲೆನ್ಸನ ಅಂಜಿಕೆ ಅಡಗಲಿಲ್ಲ.

ಅವನು ಅಂತಿಯೋಕ್ಯ ಪಟ್ಟಣದಲ್ಲಿದ್ದಾಗ ಒಂದು ಗುಟ್ಟು ಹೊರಬಿತ್ತು. ಕೆಲವರು ಮುಕ್ಕಾಲು ಪೀಠದ ಮೇಲೆ ಅಕ್ಷರ ಕೆತ್ತಿದ ತಟ್ಟೆಯಿಟ್ಟು, ದಾರದಲ್ಲಿ ಉಂಗುರ ತೂಗಿಬಿಟ್ಟು, ಮುಂದಿನ ಚಕ್ರವರ್ತಿ ಯಾರೆಂದು ಶಕುನ ಕೇಳಿದ್ದರು. ಉಂಗುರ ‘ಥಿಯೊ’ ಎಂಬಷ್ಟು ಅಕ್ಷರ ಮುಟ್ಟುತ್ತಲೇ ಒಬ್ಬನು ‘ಥಿಯೊಡೋರಸ್!’ ಎಂದು ಕೂಗಿದನು. ಥಿಯೊಡೋರಸನು ಅರಮನೆಯ ಬರವಣಿಗೆ ಇಲಾಖೆಯ ಅಧಿಕಾರಿ. ನಮ್ಮಂತೆ ಕಾಗದಪತ್ರದವನೇ, ದರ್ಜೆ ಮಾತ್ರ ಬಹಳ ದೊಡ್ಡದು. ಅವನ ಕೈಬರಹದ ಕಾಗದವೊಂದು ಸಿಕ್ಕಿತು. ತಲೆ ಹೋಯಿತು.

ಅಲ್ಲಿಗೇ ನಿಂತಿದ್ದರೆ ಒಂದು ಒಳಸಂಚಿನ ವಿಚಾರಣೆ ಎನ್ನಬಹುದಿತ್ತು. ನಿಲ್ಲಲಿಲ್ಲ. ರಾಜದ್ರೋಹದ ಆರೋಪ ಬಂದರೆ ದೊಡ್ಡ ಮನೆತನದವರಿಗೂ ಚಿತ್ರಹಿಂಸೆ ತಪ್ಪುತ್ತಿರಲಿಲ್ಲ. ಚಾಡಿಕೋರರಿಗೆ ಸುಗ್ಗಿಯಾಯಿತು. ಒಬ್ಬ ಗೃಹಸ್ಥನ ಕಾಗದಗಳಲ್ಲಿ ವೇಲೆನ್ಸ್ ಎಂಬ ಹೆಸರಿನ ಜಾತಕ ಸಿಕ್ಕಿತು. ತೀರಿಹೋದ ತನ್ನ ಒಡಹುಟ್ಟಿದವನ ಹೆಸರೂ ವೇಲೆನ್ಸ್ ಎಂದೇ ಇತ್ತು, ಬೇಕಾದರೆ ಸಾಕ್ಷಿ ಕೊಡುವೆನೆಂದು ಅವನು ಹೇಳಿದನು. ಸಾಕ್ಷಿಗೆ ಕಾಯದೆ ಕೊಂದರು. ಬಂಧುಗಳೇ, ನಮ್ಮ ಯಾರ ಮನೆಯ ಪೆಟ್ಟಿಗೆಯಲ್ಲಿ ಜಾತಕವಿಲ್ಲ?

ಮಾಟದ ಪುಸ್ತಕಗಳೆಂದು ಹೇಳಿ ಮನೆಮನೆಯಿಂದ ಹೊರೆಗಟ್ಟಲೆ ಗ್ರಂಥಗಳನ್ನು ತಂದು ನ್ಯಾಯಾಧೀಶರ ಕಣ್ಣೆದುರು ಸುಟ್ಟರು. ಅವುಗಳಲ್ಲಿ ಹೆಚ್ಚಿನವು ವಿದ್ಯೆಯ, ಕಾನೂನಿನ ಗ್ರಂಥಗಳು. ಆಮೇಲೆ ಸರ್ಕಾರದವರು ಬರುವುದಕ್ಕೇ ಯಾರೂ ಕಾಯಲಿಲ್ಲ. ತಮ್ಮ ಕಪಾಟಿನಲ್ಲಿ ಯಾವುದು ಅಪರಾಧವಾದೀತೋ ತಿಳಿಯದೆ, ಇಡೀ ಸಂಗ್ರಹಕ್ಕೇ ಬೆಂಕಿಯಿಟ್ಟರು.

ಮುಂದೆ ಕಾನ್‌ಸ್ಟಾಂಟಿನೋಪಲಿನ ಬಿಷಪ್ ಆದ ಯೋಹಾನ ಕ್ರಿಸೊಸ್ಟಮನು ಆಗ ಹುಡುಗ. ಗೆಳೆಯನೊಡನೆ ನದಿಯ ದಡದಲ್ಲಿ ಹೋಗುವಾಗ ನೀರಿನಲ್ಲಿ ತೇಲುತ್ತಿದ್ದ ಪುಸ್ತಕವೊಂದು ಕೈಗೆ ಸಿಕ್ಕಿತು. ತೆರೆದರೆ ಮಾಟದ ಬರಹ. ಅದೇ ಹೊತ್ತಿಗೆ ಸಿಪಾಯಿಯೊಬ್ಬ ಬಂದ. ಇಬ್ಬರ ಜೀವವೂ ಬಾಯಿಗೆ ಬಂತು. ಹೇಗೋ ಪಾರಾದುದನ್ನು ಅವನೇ ಮುಂದೊಂದು ಪ್ರವಚನದಲ್ಲಿ ಹೇಳಿದ್ದಾನೆ.

ಇಷ್ಟು ಜನರನ್ನು ಕೊಂದು ವೇಲೆನ್ಸನು ಸಿಂಹಾಸನ ಉಳಿಸಿಕೊಂಡನೇ? 378ರಲ್ಲಿ ಏಡ್ರಿಯಾನೋಪಲಿನ ರಣರಂಗದಲ್ಲಿ ಗಾಥ್ ಜನರೊಡನೆ ಹೋರಾಡುತ್ತ ಸತ್ತನು. ಪುಸ್ತಕ ಓದುವವರಿಂದ ಅವನಿಗೆ ಕೇಡು ಬರಲಿಲ್ಲ.

ಈ ವಿಚಾರಣೆಗಳ ಕಾಲದಲ್ಲಿ ಅಮ್ಮಿಯಾನಸ್ ಎಂಬ ಮಾಜಿ ಸೈನಿಕನು ಆ ಪಟ್ಟಣದಲ್ಲಿದ್ದನು. ಎಲ್ಲರಂತೆ ಅವನೂ ಹೆದರಿದ್ದನು, ಆದರೆ ಮರೆಯಲಿಲ್ಲ. ಮುಂದೆ 31 ಭಾಗಗಳ ಇತಿಹಾಸ ಬರೆದನು. ಮೊದಲ 13 ನಷ್ಟವಾಗಿವೆ. ಉಳಿದ 18 ಇರುವುದರಿಂದಲೇ ಈ ಕಥೆಯ ಬಹುಭಾಗ ನಮಗೆ ತಿಳಿದಿದೆ.

ಅರಸನು ಸುಟ್ಟ ಪುಸ್ತಕಗಳಿಗೆ ಲೆಕ್ಕವಿದ್ದೀತು. ಅಂಜಿಕೆಯಿಂದ ಮನೆಯವರೇ ಸುಟ್ಟವಕ್ಕೆ ಲೆಕ್ಕವಿಲ್ಲ. ಈ ಚಿಕ್ಕ ಕೋಣೆಯಲ್ಲಿ ಯಾವ ಪುಸ್ತಕ ಏಕೆ ಒಯ್ಯುತ್ತೀರೆಂದು ನಾವು ಯಾರನ್ನೂ ಕೇಳುವುದಿಲ್ಲ. ವಹಿಯಲ್ಲಿ ಹೆಸರು ಬರೆದು, ಓದಿ, ಹಿಂದಕ್ಕೆ ತಂದುಕೊಟ್ಟರೆ ಸಾಕು. ಇದು ಸಣ್ಣ ಭಾಗ್ಯವಲ್ಲ.