ಹೊಗೆಗೆ ದಾರಿ ಬಿಡಿ, ಬೆಂಕಿಗೆ ಗಾಳಿ ಕೊಡಬೇಡಿ!

2010ರ ಫೆಬ್ರವರಿ 23ನ್ನು ಬೆಂಗಳೂರು ಮರೆಯಬಾರದು. ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಅಂದು 9 ಜೀವಗಳು ಹೋದವು. ಮಹಡಿ ಮಹಡಿಗೂ ಹೊಗೆ ತುಂಬಿತು. ಸಿಕ್ಕಿಬಿದ್ದವರು ಉಸಿರಿಗಾಗಿ ಕಿಟಕಿ ಗಾಜು ಒಡೆದರು. ತಾಳಲಾರದೆ ಕೆಲವರು ಕೆಳಕ್ಕೆ ಹಾರಿದರು.

ಹಾಗಾದರೆ ಹೊರಗೆ ನಿಂತ ನಾವು ಉರಿಯುವ ಕಟ್ಟಡದ ಬಾಗಿಲು ಕಿಟಕಿಗಳನ್ನೆಲ್ಲ ಒಡೆದುಬಿಡೋಣವೇ? ಖಂಡಿತ ಬೇಡ! ಮುಚ್ಚಿದ ಕೋಣೆಯಲ್ಲಿ ಗಾಳಿಯಿಲ್ಲದೆ ಬೆಂಕಿ ಕುಗ್ಗಿರುತ್ತದೆ, ಸತ್ತಿರುವುದಿಲ್ಲ. ಅಲ್ಲಿ ತುಂಬಿದ ಬಿಸಿ ಹೊಗೆಯೂ ಉರುವಲೇ. ದಿಢೀರನೆ ಬಾಗಿಲು ತೆರೆದರೆ ಗಾಳಿ ನುಗ್ಗಿ ಆ ಹೊಗೆಯೇ ಸ್ಫೋಟಿಸಬಹುದು. ಅದಕ್ಕೇ ಅಗ್ನಿಶಾಮಕ ದಳದವರು ಬೆಂಕಿ ಎಲ್ಲಿದೆ, ಜನ ಎಲ್ಲಿದ್ದಾರೆ ಎಂದು ನೋಡಿ, ನೀರಿನ ಪೈಪು ಸಜ್ಜಾದ ಮೇಲೆ ಹೊಗೆಗೆ ದಾರಿ ಬಿಡುತ್ತಾರೆ. ಆ ದಾರಿ ಬೆಂಕಿಯ ಹತ್ತಿರವೇ ಇರಬೇಕು, ಸಾಧ್ಯವಾದರೆ ಮೇಲ್ಗಡೆ. ಜನರಿರುವ ಕಡೆಗೆ ಹೊಗೆ ಹರಿಯಬಾರದು.

ನಮ್ಮ ಕೆಲಸವೇನು? ಹೊರಬರುವಾಗ ಬಾಗಿಲು ಎಳೆದುಕೊಳ್ಳಿ, ಬೀಗ ಹಾಕಬೇಡಿ. ಹೊಗೆಯಿದ್ದರೆ ತೆವಳಿ. ಲಿಫ್ಟ್ ಬೇಡ. 112ಕ್ಕೆ ಫೋನ್ ಮಾಡಿ.

ನಾಳೆಯೇ ನಿಮ್ಮ ಆಫೀಸಿನ ತುರ್ತು ಮೆಟ್ಟಿಲ ಬಾಗಿಲನ್ನು ತಳ್ಳಿ ನೋಡಿ. ಬೀಗ ಬಿದ್ದಿದೆಯೇ? ತೆಗೆಸುವವರೆಗೂ ಬಿಡಬೇಡಿ!