ಕಿವಿ ಬಲ್ಲ ಪದ, ಕಣ್ಣರಿಯದ ಪದ
(ಶತಮಾನೋತ್ಸವದ ಶೈಕ್ಷಣಿಕ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನೂರರ ಸಂಭ್ರಮದಲ್ಲಿ ಗೆದ್ದವರನ್ನು ಸ್ಮರಿಸುವುದು ವಾಡಿಕೆ. ನಾವಾದರೋ ಎಂಟನೆಯ ತರಗತಿಯಲ್ಲೇ ಶಾಲೆ ಬಿಟ್ಟ ಹುಡುಗನೊಬ್ಬನಿಂದ ಮಾತನ್ನು ಆರಂಭಿಸುತ್ತೇವೆ. ಅಡಿಕೆ ತೋಟದ ಪಂಪು ಕೆಟ್ಟರೆ ಬಿಚ್ಚಿ ಜೋಡಿಸಬಲ್ಲವನಾತ. ಸ್ಟಾರ್ಟರ್, ಫುಟ್‌ವಾಲ್ವ್, ಬೇರಿಂಗ್, ವಾಷರ್ ಎಲ್ಲವೂ ಅವನ ನಾಲಿಗೆಯ ಮೇಲಿದ್ದವು. ಆದರೆ ಪುಸ್ತಕದಲ್ಲಿ 'ಪಂಪ್' ಎಂಬ ನಾಲ್ಕೇ ಅಕ್ಷರದ ಇಂಗ್ಲಿಷ್ ಪದ ಎದುರಾದರೆ ಬೆವರುತ್ತಿದ್ದ. ತಪ್ಪಿದ ಪದವನ್ನು ಐವತ್ತು ಸಲ ಬರೆಯಿಸಿದೆವು. ಐವತ್ತರಲ್ಲಿ ಏಳೆಂಟು ಬಗೆಯ ತಪ್ಪುಗಳು. ಸೋಮಾರಿಯೆಂದು ಜರೆದು ಹಿಂದಿನ ಬೆಂಚಿಗೆ ಕಳುಹಿಸಿದೆವು.

ಇಂಥ ಮಕ್ಕಳ ವಿಚಾರ ಹೊಸತಲ್ಲ. ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 1896ರಲ್ಲೇ ಹದಿನಾಲ್ಕರ ಜಾಣ ಹುಡುಗನೊಬ್ಬನ ಕುರಿತು ಬರೆದಿದ್ದರು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಅವನೇ ಶಾಲೆಗೆ ಮೊದಲಿಗನಾಗುತ್ತಿದ್ದನೆಂದು ಅವನ ಗುರುಗಳ ಅಭಿಪ್ರಾಯವಾಗಿತ್ತು. ಇದನ್ನೇ ಈಗ ಡಿಸ್ಲೆಕ್ಸಿಯಾ ಎನ್ನುತ್ತೇವೆ. ಇದು ಬುದ್ಧಿಯ ಕೊರತೆಯಲ್ಲ. ನುಡಿಯ ಧ್ವನಿಯನ್ನೂ ಅಕ್ಷರವನ್ನೂ ಬೆಸೆಯುವಲ್ಲಿನ ತೊಡಕು.

ಕನ್ನಡದಲ್ಲಿ ಬರೆದಂತೆ ಓದು. ಒತ್ತಕ್ಷರದಲ್ಲಿ ಎಡವಿದರೂ ಮಗು ಹೇಗೋ ದಾಟೀತು. ಇಂಗ್ಲಿಷಿನಲ್ಲಿ 'ಪುಟ್', 'ಬಟ್' ಎರಡರ ನಡುವೆಯೂ 'ಯು'. 'ನೈಫ್' ಪದದ ಮೊದಲಿಗೆ ಬಾಯಿಬಿಡದ 'ಕೆ'. ಅದೂ ನಮ್ಮ ಕಾಸರಗೋಡಿನಲ್ಲಿ ಮನೆಯ ಮಾತು ತುಳುವೋ ಬ್ಯಾರಿಯೋ ಆಗಿರುವ ಮಗುವಿಗೆ ಕನ್ನಡ, ಮಲಯಾಳ, ನಾಗರಿ ಲಿಪಿಗಳ ಜೊತೆಗೆ ಈ ನಾಲ್ಕನೆಯದು.

ನಮ್ಮ ಕಣ್ಣು ತೆರೆದದ್ದು ತಡವಾಗಿ. ಬಸ್ಸು, ಟಿಕೆಟ್, ಬಕೆಟ್, ಸ್ಟೇಷನ್ ಎಂದು ಮಕ್ಕಳ ಕಿವಿಯಲ್ಲಿ ಆಗಲೇ ನೂರಾರು ಇಂಗ್ಲಿಷ್ ಪದಗಳಿವೆ, ಅರ್ಥ ಕಲಿಸಬೇಕಾಗಿಲ್ಲ. ಆದುದರಿಂದ ದಿನಕ್ಕೆ ಹತ್ತು ಹೊಸ ಪದಗಳ ಪಟ್ಟಿಯನ್ನು ಕೈಬಿಟ್ಟು ಅಂಥವೇ ಮೂರನ್ನು ಆರಿಸಿಕೊಂಡೆವು. ಮೊದಲು ಚಪ್ಪಾಳೆ ತಟ್ಟಿ ಪದವನ್ನು ಒಡೆಯುವುದು. ಬಳಿಕ ಒಂದೊಂದು ಧ್ವನಿಯನ್ನೂ ಬಾಯಲ್ಲಿ ಹೇಳುತ್ತ ತಟ್ಟೆಯ ಅಕ್ಕಿಯಲ್ಲಿ ಬೆರಳಿನಿಂದ ಬರೆಯುವುದು. (ಬೆಳ್ತಿಗೆಯೇ ಆಗಬೇಕೆಂದಿಲ್ಲ, ಕುಚ್ಚಲಕ್ಕಿಯೂ ನಡೆದೀತು.) 'ಪಂಪ್' ಬಂದರೆ 'ಜಂಪ್', 'ಬಂಪ್' ಒಡನೆ ಬರುತ್ತವೆ. 'ಬಿ', 'ಡಿ' ಒಂದಕ್ಕೊಂದು ಕನ್ನಡಿಯಂತಿರುವುದರಿಂದ ಅವನ್ನು ಒಂದೇ ವಾರದಲ್ಲಿ ಕಲಿಸುವುದಿಲ್ಲ. ಕಲಿತದ್ದನ್ನು ಮರುದಿನ, ಮೂರನೆಯ ದಿನ, ವಾರದ ಬಳಿಕ ಮತ್ತೆ ಕೇಳುತ್ತೇವೆ. ಅರ್ಥವನ್ನು ತುಳುವಿನಲ್ಲಿ ಹೇಳಿದರೂ ಪೂರ್ಣ ಅಂಕ. ಕಾಗುಣಿತಕ್ಕೆ ಅಂಕ ಬೇರೆ. ಎಲ್ಲರೂ ದಡ ಸೇರಿದರೆಂದು ಹೇಳಲಾರೆವು. ಕೆಲವರಿಗೆ ಒಂದು ಪದಕ್ಕೆ ಒಂದು ತಿಂಗಳೇ ಹಿಡಿದಿದೆ.

ರಕ್ಷಕರಲ್ಲಿ ಒಂದು ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರವಿದ್ದರೆ ಸಾರ್ವಜನಿಕ ಪರೀಕ್ಷೆಯಲ್ಲಿ ಹೆಚ್ಚಿನ ಸಮಯವನ್ನು ಕೇಳಬಹುದು. ಮಗುವಿಗೆ ಹಣೆಪಟ್ಟಿ ಬಿದ್ದೀತೆಂಬ ಅಂಜಿಕೆಯನ್ನು ಬಲ್ಲೆವು. ಸೋಮಾರಿ ಎಂಬ ಹಣೆಪಟ್ಟಿಯನ್ನು ನಾವೇ ಹಚ್ಚಿದವರು. ಆದರೆ ತಪಾಸಣೆ ಮಗು ಓದುವ ಭಾಷೆಯಲ್ಲೇ ನಡೆಯಲಿ ಎಂದು ಪಟ್ಟುಹಿಡಿಯಿರಿ. ಕನ್ನಡದ ಮಗುವನ್ನು ಮಲಯಾಳದಲ್ಲಿ ಪರೀಕ್ಷಿಸಿದರೆ ತೊಡಕು ಯಾವುದು, ಭಾಷೆಯ ಅಪರಿಚಯ ಯಾವುದೆಂದು ತಿಳಿಯುವುದು ಕಷ್ಟ.

ಆ ಹುಡುಗ ಈಗ ಊರಿಗೇ ಬೇಕಾದ ಪಂಪ್ ಮೆಕ್ಯಾನಿಕ್. ಮಗಳು ನಮ್ಮಲ್ಲೇ ಮೂರನೆಯ ತರಗತಿ. 'ಬಿ'ಗೆ 'ಡಿ' ಬರೆಯುತ್ತಾಳೆ. ಕಳೆದ ತಿಂಗಳು ಕರೆಸಿದಾಗ ಬಾಗಿಲಲ್ಲೇ ನಿಂತ, ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ.

"ಮಾಷ್ಟ್ರೇ, ಇವಳಿಂದಲೂ ಐವತ್ತು ಸಲ ಬರೆಸ್ತೀರಾ?" ಎಂದು ಕೇಳಿದ.

ಇಲ್ಲವೆಂದು ಹೇಳಿ, ಅಕ್ಕಿಯ ತಟ್ಟೆಯನ್ನು ಅವನ ಮುಂದಿಟ್ಟೆವು.