ನಿವೃತ್ತಿ ಎಂಬ ಹಿಂಗಾರಿ
(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಇಂದು ಇಪ್ಪತ್ತೈದು ತುಂಬಿತು. ನನಗೆ ಅರವತ್ತು ತುಂಬಿ ಆರು ವರ್ಷವಾಯಿತು. ಆದ್ದರಿಂದ ನಿವೃತ್ತಿಯ ಬಗ್ಗೆಯೇ ಎರಡು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಕೇಳಿದ್ದಾರೆ.

ನಿವೃತ್ತಿ ಎಂಬುದು ನೌಕರರ ಮಾತು. ರೈತನಿಗೆ ಅದಿಲ್ಲ, ಮನೆಯ ತಾಯಂದಿರಿಗಂತೂ ಇಲ್ಲವೇ ಇಲ್ಲ. ನಮ್ಮಂಥವರಿಗೆ ಮಾತ್ರ ಹಾರ ಹಾಕಿ, ಶಾಲು ಹೊದಿಸಿ, "ಇನ್ನ ಆರಾಮ ಇರ್ರಿ" ಎಂದು ಕಳಿಸುತ್ತಾರೆ. ನಾನೂ ಊರಿಗೆ ಬಂದು ಕಟ್ಟೆಯ ಮೇಲೆ ಕುರ್ಚಿ ಹಾಕಿದೆ. ಬೆಳಿಗ್ಗೆ ಪೇಪರು, ಮಧ್ಯಾಹ್ನ ನಿದ್ದೆ.

ಒಂದು ದಿನ ಪಕ್ಕದ ಮನೆಯ ಅವ್ವ ಒಂದು ಕಾಗದ ತಂದು, "ಮಾಸ್ತರ್ರ, ಇದರಾಗ ಏನ ಬರದಾರ ನೋಡ್ರಿ" ಅಂದರು. ಬೆಳೆಸಾಲದ ನೋಟೀಸು. ಅವಧಿಯೊಳಗೆ ಕಟ್ಟಿದ್ದರೆ ಬಡ್ಡಿಯೇ ಇರುತ್ತಿರಲಿಲ್ಲ. ಆದರೆ ಕಡೆಯ ದಿನ ಮುಗಿದು ಎಂಟು ದಿನವಾಗಿತ್ತು. ಕಡಲೆ ಮಾರಿದ ರೊಕ್ಕ ಮನೆಯಲ್ಲೇ ಇತ್ತು! "ಮೊದಲ ಯಾಕ ತೋರಿಸಲಿಲ್ಲವ್ವ?" ಎಂದೆ. "ನೀವು ಪೇಪರ ಓದತಿದ್ರಿ. ಹೆಂಗ ತ್ರಾಸ ಕೊಡೂದಂತ ಬಿಟ್ಟೆನ್ರಿ" ಅಂದರು.

ಬಂಧುಗಳೇ, ಮೂವತ್ತು ವರ್ಷ ಅಕ್ಷರ ಕಲಿಸಿದವನ ಪಕ್ಕದ ಮನೆಯಲ್ಲೇ ಅಕ್ಷರ ಬಾರದ್ದಕ್ಕೆ ದಂಡ ಬಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುವಾರ ಸಂಘಕ್ಕೆ ಹೋಗಿ ಒಂದು ಮೂಲೆಯಲ್ಲಿ ಕುಳಿತೆ. ಮೊದಮೊದಲು ಎಲ್ಲರಿಗೂ ಬುದ್ಧಿ ಹೇಳಹೋದೆ. "ಸರ್, ಇದು ಸಾಲಿ ಅಲ್ರಿ" ಎಂದು ಗುಮಾಸ್ತರು ನಕ್ಕರು. ಅವರು ಹೇಳಿದ್ದು ಸರಿ. ಕೆಲಸ ಬಿಟ್ಟವನು ಕೆಲಸದ ಗತ್ತನ್ನೂ ಬಿಟ್ಟು ಬರಬೇಕು. ಅಂದಿನಿಂದ ಪ್ರತಿ ಗುರುವಾರ ನೋಟೀಸು ಓದಿ ಹೇಳುವುದು, ಅರ್ಜಿ ಬರೆಯುವುದು, ಯಾರ ಕಂತು ಯಾವ ದಿನ ಎಂದು ನೋಟುಬುಕ್ಕಿನಲ್ಲಿ ಗುರುತು ಹಾಕಿ ಮುಂಚೆಯೇ ಮನೆಗೆ ಹೇಳಿ ಕಳಿಸುವುದು, ಇಷ್ಟೇ ನನ್ನ ಕೆಲಸ.

ದೊಡ್ಡವರ ಉದಾಹರಣೆ ಬೇಕೆಂದರೆ ಜಿ. ವೆಂಕಟಸುಬ್ಬಯ್ಯನವರಿದ್ದಾರೆ. 1973ರಲ್ಲಿ ಕಾಲೇಜಿನಿಂದ ನಿವೃತ್ತರಾದ ಮೇಲೂ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗಾಗಿ ದುಡಿದರು. 1991ರಲ್ಲಿ, ಎಪ್ಪತ್ತೆಂಟರ ಹೊತ್ತಿಗೆ, ಪತ್ರಿಕೆಯಲ್ಲಿ 'ಇಗೋ ಕನ್ನಡ' ಅಂಕಣ ಆರಂಭಿಸಿ ಓದುಗರ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. 2021ರಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ. ಅವರೂ ಮಾಡಿದ್ದು ತಮಗೆ ಗೊತ್ತಿದ್ದುದನ್ನು ಕೇಳಿದವರಿಗೆ ಹೇಳುವ ಕೆಲಸವನ್ನೇ.

ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಹಚ್ಚಿದ ಸಹಕಾರದ ದೀಪ ಬರೀ ರೊಕ್ಕದಿಂದ ಉರಿದದ್ದಲ್ಲ; ಊರವರು ಕೊಟ್ಟ ಸಮಯದಿಂದಲೂ ಉರಿದದ್ದು. ನಮ್ಮೂರಿಗೂ ನಿವೃತ್ತರು ಬಂದಿದ್ದಾರೆ. ಬ್ಯಾಂಕಿನಲ್ಲಿದ್ದವರು ಲೆಕ್ಕ ನೋಡಲಿ, ನರ್ಸಮ್ಮನವರು ಹಿರಿಯರ ಬಿ.ಪಿ. ನೋಡಲಿ, ಕಂದಾಯ ಇಲಾಖೆಯಲ್ಲಿದ್ದವರು ಪಹಣಿಯ ತಪ್ಪು ತಿದ್ದಿಸುವ ದಾರಿ ತೋರಿಸಲಿ. ವಾರಕ್ಕೆ ಎರಡು ತಾಸು ಸಾಕು. ಹಾಗೆಯೇ, ಅಕ್ಷರ ಬಾರದ ಸದಸ್ಯರೂ ಸಂಕೋಚ ಬಿಡಬೇಕು. ಪೇಪರು ಓದುತ್ತ ಕುಂತವರನ್ನು ಎಬ್ಬಿಸಿ ಕೇಳಿರಿ!

ಮುಂಗಾರಿ ಹೆಸರು ಕಿತ್ತ ಎರೆಹೊಲವನ್ನು ನಾವು ಬೀಳು ಬಿಡುತ್ತೇವೆಯೇ? ಒಳಗಿನ ಹಸಿ ನಂಬಿ ಕಡಲೆ, ಬಿಳಿಜೋಳ ಬಿತ್ತುತ್ತೇವೆ. ನಿವೃತ್ತಿಯೂ ಹಿಂಗಾರಿಯೇ. ಮಳೆ ಕಡಿಮೆ ನಿಜ, ಆದರೆ ಹಸಿ ಇನ್ನೂ ಇದೆ. ಅದು ಆರುವ ಮುಂಚೆ ಬಿತ್ತೋಣ.